ಹಾಡು ಹಚ್ಚಿದರೂ ನಿದ್ದೆ ಬಾರದ ಪೇಟಿ ಕಾಕಾ: ಒಂದು ಪ್ರಕರಣ

ನಿದ್ದೆ ಬರಲ್ಲ ಅಂದ ತಕ್ಷಣ "ಹಾಡು ಹಚ್ಚಿಕೊಂಡು ಮಲಗ್ರಿ" ಅನ್ನೋ ಸಲಹೆ ಈಗ ಎಲ್ಲರ ಬಾಯಲ್ಲೂ ಇದೆ. ಸಲಹೆ ಸುಳ್ಳಲ್ಲ. ಆದರೆ ಯಾವ ಹಾಡು, ಎಷ್ಟು ಹೊತ್ತು, ಮಲಗುವವರು ಯಾರು, ನಿದ್ದೆ ಕೆಟ್ಟಿದ್ದು ಯಾಕೆ ಅಂತ ಯಾರೂ ಕೇಳುವುದಿಲ್ಲ. ಬಾಗಲಕೋಟೆ ಜಿಲ್ಲೆಯಲ್ಲಿರುವ ನಮ್ಮ ದವಾಖಾನೆಗೆ ಬಂದ ಒಬ್ಬರ ಪ್ರಕರಣ ಇದು. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಹೆಸರು ಬಿಟ್ಟಿದ್ದೇನೆ, ಗುರುತು ಹತ್ತುವಂಥ ಒಂದೆರಡು ವಿವರ ಬದಲಿಸಿದ್ದೇನೆ. ಓಣಿಯಲ್ಲಿ ಎಲ್ಲರೂ ಕರೆಯುವ ಹಾಗೆ ಇಲ್ಲೂ ಅವರು ಕಾಕಾ, ಅವರ ಮನೆಯವರು ಕಾಕು.

ಹಿನ್ನೆಲೆ

ರಬಕವಿ-ಬನಹಟ್ಟಿ ಕಡೆ ಓಡಾಡಿದವರಿಗೆ ಪಾವರ್‌ಲೂಮ್ ಸದ್ದು ಹೊಸದಲ್ಲ. ಕಾಕಾ ಆ ಸದ್ದಿನಲ್ಲೇ ಹುಟ್ಟಿ ಬೆಳೆದವರು. ಪಡಸಾಲೆಯಲ್ಲಿ ಮಗ್ಗ, ಹಿಂದೆ ಅಡುಗೆಮನೆ, ನಡುವೆ ಮಲಗುವ ಜಾಗ. ಲಾಳಿ ಓಡುವ ಹಳೇ ಪಾವರ್‌ಲೂಮ್ ಇರುವ ಕಡೆ ಸದ್ದು 90 ಡೆಸಿಬಲ್ ದಾಟುವುದು ಮಾಮೂಲು. ಅಲ್ಲಿ ಪಕ್ಕದವರ ಜೊತೆ ಮಾತಾಡಬೇಕಾದರೂ ಕಿವಿ ಹತ್ತಿರ ಹೋಗಿ ಕೂಗಬೇಕು. ಇಂಥ ಕಡೆ ಕಾಕಾ 40 ವರ್ಷಕ್ಕೂ ಜಾಸ್ತಿ ದುಡಿದಿದ್ದಾರೆ. ಕಿವಿಗೆ ಅರಳೆ ಕೂಡ ಇಟ್ಟುಕೊಂಡವರಲ್ಲ.

ಅವರ ಇನ್ನೊಂದು ಲೋಕ ಭಜನೆ. ಮಠದ ಭಜನಾ ಮೇಳಕ್ಕೆ ಪೇಟಿ (ಹಾರ್ಮೋನಿಯಂ) ಬಾರಿಸುವವರು ಅವರೇ. ಸೋಮವಾರ ರಾತ್ರಿ ತಪ್ಪಿಸುವುದಿಲ್ಲ. ಅಮವಾಸ್ಯೆಗೆ ಬೆಳತನಕ, ಶ್ರಾವಣ ಬಂದರೆ ದಿನಾ. ತತ್ವಪದ ಹಾಡುವವರು ಎಲ್ಲಿ ತಪ್ಪಿದರೂ ಸ್ವರ ಕೊಟ್ಟು ಎತ್ತಿಕೊಳ್ಳುತ್ತಾರೆ ಅಂತ ಮೇಳದಲ್ಲಿ ಹೆಸರಿದೆ.

ಮಗ ಊರ ಹೊರಗೆ ಶೆಡ್ ಹಾಕಿ ಮಗ್ಗಗಳನ್ನು ಅಲ್ಲಿಗೆ ಸಾಗಿಸಿದ. ಮನೆ ದೊಡ್ಡದಾಯಿತು, ಸದ್ದು ಹೋಯಿತು, ಕಾಕಾನ ಕೈಗೆ ಬಿಡುವು ಬಂತು. ನಿದ್ದೆಯ ತಕರಾರು ಶುರುವಾಗಿದ್ದು ಅದಾದ ಮೇಲೆ.

ತೊಂದರೆ

ಕಾಕಾ ನಮ್ಮಲ್ಲಿಗೆ ಬಂದದ್ದು ಜನವರಿಯಲ್ಲಿ, ಮಗನ ಜೊತೆ. ಮಲಗಿದರೆ ಒಂದೂವರೆ ಎರಡು ತಾಸು ನಿದ್ದೆ ಹತ್ತುವುದಿಲ್ಲ. ಹತ್ತಿದರೂ ನಡುರಾತ್ರಿ ಎಚ್ಚರ, ಆಮೇಲೆ ಕೋಳಿ ಕೂಗುವವರೆಗೂ ಹೊರಳಾಟ. ಮಧ್ಯಾಹ್ನ ಊಟ ಆದಮೇಲೆ ಮಾತ್ರ ಕಣ್ಣು ತಾನಾಗೇ ಮುಚ್ಚುತ್ತದೆ. ಔಷಧ ಅಂಗಡಿಯಿಂದ ತಂದ ನಿದ್ದೆ ಗುಳಿಗೆ ಕೆಲವು ದಿನ ನುಂಗಿದ್ದರು. ಬೆಳಗ್ಗೆ ತಲೆ ತಿರುಗಿ ಬಚ್ಚಲಲ್ಲಿ ಜಾರಿದ ಮೇಲೆ ಅದನ್ನು ತಾವೇ ಬಿಟ್ಟಿದ್ದರು.

ಮನೆಮಂದಿಯ ಲೆಕ್ಕ ಸರಳವಾಗಿತ್ತು. ಇಷ್ಟು ವರ್ಷ ಮಗ್ಗದ ಸದ್ದಿನಲ್ಲಿ ಮಲಗಿದವರು, ಈಗ ಸದ್ದಿಲ್ಲ, ಹಾಗಾಗಿ ನಿದ್ದೆ ಇಲ್ಲ. ಅದಕ್ಕೆ ಮಗ ಒಂದು ಫೋನು, ಒಂದು ಜೊತೆ ಇಯರ್‌ಫೋನು ತಂದುಕೊಟ್ಟ. ಯೂಟ್ಯೂಬಿನಲ್ಲಿ ಭಜನೆ ಪದ ಹಚ್ಚಿಕೊಂಡು ಮಲಗುವುದು ರೂಢಿಯಾಯಿತು. ಹಾಡು ರಾತ್ರಿಯಿಡೀ ಒಂದರ ಹಿಂದೆ ಒಂದು ಬರುತ್ತಿತ್ತು. ನಡುವೆ ಜಾಹೀರಾತು. ನಿಧಾನದ ಪದ ಮುಗಿದದ್ದೇ ಯಾವುದೋ ಸಿಮೆಂಟು, ಯಾವುದೋ ಸಾಲದ ಆ್ಯಪು ಕಿವಿಯಲ್ಲಿ ಒದರುತ್ತಿತ್ತು.

"ಹಾಡು ಕೇಳಿದ್ರ ನಿದ್ದಿ ಬರೂದಿಲ್ಲ, ಹಾಡು ನಿಂತ್ರೂ ಬರೂದಿಲ್ಲ. ಏನ್ ಮಾಡ್ಬೇಕ್ರಿ ಸಾಹೇಬ್ರ?" ಅಂದರು ಕಾಕಾ. ಇಡೀ ಪ್ರಕರಣ ಈ ಒಂದು ಮಾತಿನಲ್ಲಿತ್ತು. ಬಿಡಿಸಲು ನಮಗೆ ಕೆಲವು ತಿಂಗಳು ಹಿಡಿಯಿತು.

ಬಿಪಿ, ಸಕ್ಕರೆ, ಥೈರಾಯ್ಡ್ ನೋಡಿಯಾಯಿತು, ದೊಡ್ಡ ದೋಷ ಇಲ್ಲ. ಗೊರಕೆ ಜೋರಿಲ್ಲ, ಉಸಿರು ಕಟ್ಟಿದಂತೆ ಆಗಲ್ಲ ಅಂತ ಮಗ ಹೇಳಿದ. ರಾತ್ರಿ ಮೂತ್ರಕ್ಕೆ ಏಳುವುದು ಒಂದು ಸಲ. ಮನಸ್ಸು ಕುಗ್ಗಿದ ಲಕ್ಷಣ ಕಾಣಲಿಲ್ಲ. ನಿದ್ದೆಯ ಗುಣಮಟ್ಟ ಅಳೆಯಲು 1989ರಲ್ಲಿ ಪಿಟ್ಸ್‌ಬರ್ಗಿನಲ್ಲಿ ರೂಪಿಸಿದ ಒಂದು ಪ್ರಶ್ನಾವಳಿ ಇದೆ. 0ಯಿಂದ 21ರವರೆಗೆ ಅಂಕ, 5 ದಾಟಿದರೆ ನಿದ್ದೆ ಚೆನ್ನಾಗಿಲ್ಲ ಅಂತ ಅರ್ಥ. ಕಾಕಾನ ಅಂಕ ಎರಡಂಕಿಯಲ್ಲಿತ್ತು.

ಮೊದಲ ತೀರ್ಮಾನ: ಹಾಡು ಬಿಡಿಸುವುದು ಬೇಡ, ಬದಲಿಸೋಣ

ಫೋನು ಕಿತ್ತುಕೊಂಡು "ಇದೆಲ್ಲ ಬಿಡ್ರಿ" ಅನ್ನಬಹುದಿತ್ತು. ಅನ್ನಲಿಲ್ಲ. ಸಂಗೀತದ ಪರವಾಗಿ ಒಳ್ಳೆಯ ಸಾಕ್ಷ್ಯವೇ ಇದೆ. 2005ರಲ್ಲಿ ಬಂದ ತೈವಾನಿನ ಒಂದು ಅಧ್ಯಯನದಲ್ಲಿ 60 ದಾಟಿದ ಹಿರಿಯರು ಮಲಗುವಾಗ 45 ನಿಮಿಷ ಮೆಲ್ಲನೆಯ ಸಂಗೀತ ಕೇಳಿದರು. ಅದರ ಲಯ ನಿಮಿಷಕ್ಕೆ 60ರಿಂದ 80 ಬಡಿತ. ಮೂರು ವಾರದಲ್ಲಿ ಅವರ ನಿದ್ದೆ ಸುಧಾರಿಸಿತ್ತು. 2008ರಲ್ಲಿ ಹಂಗೇರಿಯಲ್ಲಿ ನಿದ್ದೆಯ ತೊಂದರೆ ಇದ್ದ 94 ವಿದ್ಯಾರ್ಥಿಗಳನ್ನು ಮೂರು ಗುಂಪು ಮಾಡಿದರು. ಒಂದಕ್ಕೆ ಶಾಸ್ತ್ರೀಯ ಸಂಗೀತ, ಒಂದಕ್ಕೆ ಓದಿ ಹೇಳುವ ಕಥೆ, ಒಂದಕ್ಕೆ ಏನೂ ಇಲ್ಲ. ಸುಧಾರಿಸಿದ್ದು ಸಂಗೀತದ ಗುಂಪು ಮಾತ್ರ. ವೈದ್ಯಕೀಯ ಪ್ರಯೋಗಗಳನ್ನು ಒಟ್ಟು ಹಾಕಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2022ರ ವಿಮರ್ಶೆ ಇಂಥ 13 ಪ್ರಯೋಗಗಳನ್ನು, 1007 ಜನರನ್ನು ಒಟ್ಟಿಗೆ ನೋಡಿ, ನಿದ್ದೆ ಬಾರದವರಿಗೆ ಸಂಗೀತದಿಂದ ನಿದ್ದೆಯ ಗುಣಮಟ್ಟ ಬಹುಶಃ ಸುಧಾರಿಸುತ್ತದೆ ಅಂತ ಹೇಳಿತು. ಆದರೆ ನಡುರಾತ್ರಿ ಎಚ್ಚರವಾಗುವ ತೊಂದರೆಗೆ ಸಂಗೀತ ಸಹಾಯ ಮಾಡುತ್ತದೆ ಅನ್ನೋದಕ್ಕೆ ಅಲ್ಲಿ ಆಧಾರ ಸಿಗಲಿಲ್ಲ. ಕಾಕಾನ ಅರ್ಧ ತೊಂದರೆ ಅದೇ ಆಗಿತ್ತು.

ಹಾಗಾಗಿ ಮೊದಲು ಮಾಡಿದ್ದು ಇಷ್ಟು. ಇಯರ್‌ಫೋನು ಬಂದ್. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 80 ಡೆಸಿಬಲ್ ಸದ್ದನ್ನು ವಾರಕ್ಕೆ 40 ತಾಸಿಗಿಂತ ಜಾಸ್ತಿ ಕೇಳಬಾರದು. ರಾತ್ರಿಗೆ 6 ತಾಸು ಅಂದರೂ ವಾರಕ್ಕೆ 42 ಆಯಿತು, ಕಾಕಾ ಇಡುತ್ತಿದ್ದ ವಾಲ್ಯೂಮ್ ಅಂತೂ ಪಕ್ಕದವರಿಗೂ ಕೇಳುವಷ್ಟು. ಅದರ ಬದಲು ಗೋಡೆಯ ಗೂಡಿನಲ್ಲಿ ಒಂದು ಸಣ್ಣ ಬ್ಲೂಟೂತ್ ಸ್ಪೀಕರ್. ಹಾಡು ಫೋನಿನಲ್ಲೇ ಇಳಿಸಿಕೊಂಡಿರಬೇಕು, ಜಾಹೀರಾತು ಬರಕೂಡದು. 45 ನಿಮಿಷಕ್ಕೆ ತಾನಾಗೇ ನಿಲ್ಲಬೇಕು. ಮಧ್ಯಾಹ್ನದ ನಿದ್ದೆ ಅರ್ಧ ತಾಸು ದಾಟಕೂಡದು, ಸಂಜೆ ಮೇಲೆ ಚಹಾ ಇಲ್ಲ, ಏಳುವ ವೇಳೆ ಬದಲಾಗಕೂಡದು. ನಿದ್ದೆ ಬಾರದಿದ್ದರೆ ಹಾಸಿಗೆಯಲ್ಲಿ ಒದ್ದಾಡದೆ ಎದ್ದು ಪಡಸಾಲೆಯಲ್ಲಿ ಕೂತು, ತೂಕಡಿಕೆ ಬಂದಾಗ ಮರಳಿ ಮಲಗಬೇಕು. ಈ ಕೊನೆಯ ಉಪಾಯ ಅಮೆರಿಕದ ಮನಶ್ಶಾಸ್ತ್ರಜ್ಞ ರಿಚರ್ಡ್ ಬೂಟ್ಜಿನ್ 1972ರಲ್ಲಿ ಹೇಳಿದ್ದು. ಇವತ್ತಿಗೂ ಗುಳಿಗೆಗಿಂತ ಮುಂಚೆ ಕೊಡುವ ಚಿಕಿತ್ಸೆಯಲ್ಲಿ ಅದು ಸೇರಿದೆ.

ಹಾಡು ಯಾವುದು? ಸಾಹಿತ್ಯ ಇದ್ದರೆ ಮನಸ್ಸು ಅದರ ಹಿಂದೆ ಹೋಗುತ್ತದೆ ಅಂತ, ಮಾತಿಲ್ಲದ ನಿಧಾನದ ಆಲಾಪ ಆರಿಸಿಕೊಟ್ಟೆವು. ಸರೋದ್, ಬಾನ್ಸುರಿ, ರಾತ್ರಿಯ ರಾಗ. ಇಂಥ ರಾಗ ಕೇಳಿದರೆ ನಿದ್ದೆ ಗ್ಯಾರಂಟಿ ಅನ್ನೋ ವಾಟ್ಸ್ಆ್ಯಪ್ ಸಂದೇಶಗಳನ್ನು ನಾನು ನಂಬುವವನಲ್ಲ. ರಾಗ ಗುಳಿಗೆ ಅಲ್ಲ. ಸುಮ್ನೆ ನಿಧಾನ ಇದ್ದರೆ ಸಾಕು ಅಂದುಕೊಂಡೆ.

ಮುಂದಿನ ಸಲ ಕಾಕು ತಾವೇ ಬಂದರು. ಅಲ್ಲಿಂದ ಪ್ರಕರಣ ತಿರುಗಿತು.

ಕೌದಿಯ ಮೇಲೆ ಬೆರಳು

ಕಾಕು ಹೇಳಿದ್ದು: "ಹಾಡ ಹಚ್ಚಿ ಕಣ್ಣ ಮುಚ್ಚತಾರ್ರಿ. ಮಲಗ್ಯಾರ ಅಂತ ನಾ ತಿಳೀತೀನಿ. ನೋಡಿದ್ರ ಕೌದಿ ಮ್ಯಾಲ ಬೆರಳ ಆಡಕ್ಹತ್ತಿರ್ತಾವು."

ಬಲಗೈ ಬೆರಳು ಕೌದಿಯ ಮೇಲೆ ಒಂದೊಂದೇ ಒತ್ತುತ್ತವೆ, ಏಳುತ್ತವೆ. ಎಡಗೈ ಅಂಗೈ ಮೆಲ್ಲಗೆ ಹಿಂದೆ ಮುಂದೆ ಆಡುತ್ತದೆ, ಅಂದರೆ ತಿದಿ ಒತ್ತುತ್ತಿದ್ದಾರೆ. ಕಾಕಾ ಮಲಗಿಲ್ಲ, ಸಾಥ್ ಕೊಡುತ್ತಿದ್ದಾರೆ! ಕೇಳಿದರೆ ನಗುತ್ತಾ ಒಪ್ಪಿದರು. ಆಲಾಪ ಬಂದರೆ ಯಾವ ರಾಗ ಅಂತ ಹಿಡಿಯುವ ತನಕ ಸಮಾಧಾನ ಇಲ್ಲ. ಹಿಡಿದ ಮೇಲೆ ಗತ್ (ತಬಲಾ ಜೊತೆ ನುಡಿಸುವ ಭಾಗ) ಯಾವಾಗ ಬರುತ್ತದೆ ಅಂತ ಕಾಯುವುದು. ತಬಲಾ ಬಿತ್ತೋ, ಸಮ್ (ತಾಳದ ಮೊದಲ ಪೆಟ್ಟು) ಎಲ್ಲಿ ಅಂತ ಲೆಕ್ಕ. ಭಜನೆ ಪದವಾದರಂತೂ ಮುಗಿದೇ ಹೋಯಿತು, ಪೂರ್ತಿ ಪದ ಮನಸ್ಸಿನಲ್ಲೇ ಹಾಡಿ ಮುಗಿಸಬೇಕು.

ಬೇರೆಯವರಿಗೆ ಆರಾಮ ಕೊಡುವ ಸಂಗೀತ ಇವರಿಗೆ ಕೆಲಸ. ನಾವು ಹಾಸಿಗೆಗೆ ಅವರ ಕಸುಬನ್ನೇ ತಂದು ಹಾಕಿದ್ದೆವು. ಅಮೆರಿಕದ ಬೇಲರ್ ವಿಶ್ವವಿದ್ಯಾಲಯದ ಮೈಕೆಲ್ ಸ್ಕಲ್ಲಿನ್ ತಂಡ 2021ರಲ್ಲಿ ಇದಕ್ಕೆ ಹತ್ತಿರದ್ದೊಂದು ವಿಷಯ ಕಂಡಿದೆ. ಮಲಗುವ ಮುಂಚೆ ಕೇಳಿದ ಹಾಡು ತಲೆಯಲ್ಲಿ ಸುತ್ತುತ್ತಲೇ ಇದ್ದರೆ ನಿದ್ದೆ ಕೆಡುತ್ತದೆ. ಅದಕ್ಕಿಂತ ಸೋಜಿಗ ಅಂದರೆ, ಜನಪ್ರಿಯ ಹಾಡಿನ ಮಾತು ತೆಗೆದು ಬರೀ ವಾದ್ಯದಲ್ಲಿ ಕೇಳಿಸಿದಾಗ ಈ ಸುತ್ತಾಟ ಇನ್ನೂ ಜಾಸ್ತಿ. ಗೊತ್ತಿರುವ ಹಾಡಿನಲ್ಲಿ ಮಾತು ಇಲ್ಲದಿದ್ದರೆ ಮನಸ್ಸೇ ತುಂಬಿಕೊಳ್ಳುತ್ತದೆ ಅಂತ ನನಗೆ ಅನಿಸುತ್ತದೆ. ಕಾಕಾನಂಥವರಿಗೆ ಗೊತ್ತಿಲ್ಲದ ಸಂಗೀತ ಹುಡುಕುವುದೇ ಕಷ್ಟ.

ಹಾಗಾದರೆ ಲಯ ಇಲ್ಲದ, ಪದ ಇಲ್ಲದ, ಮುಂದೇನು ಅಂತ ಕಾಯಿಸದ ಸಂಗೀತ ಯಾವುದು? ಉತ್ತರ ಅವರ ಮೇಳದಲ್ಲೇ ಬಿದ್ದಿತ್ತು: ತಂಬೂರಿ. ಮಠದಲ್ಲಿ ಯಾರೂ ಬಳಸದ ಒಂದು ಎಲೆಕ್ಟ್ರಾನಿಕ್ ತಂಬೂರಿ ಪೆಟ್ಟಿಗೆ ಇತ್ತು. ಅದನ್ನು ಮನೆಗೆ ತಂದರು. ಮೊದಲೇ ಬ್ಲೂಟೂತ್ ಸ್ಪೀಕರ್ ಬಗ್ಗೆ ಕಾಕುಗೆ ಸಿಟ್ಟಿತ್ತು. ಒಂದು ರಾತ್ರಿ ಮೂರು ಗಂಟೆಗೆ ಅದು ಹೆಂಗಸಿನ ದನಿಯಲ್ಲಿ "ಬ್ಯಾಟರಿ ಲೋ" ಅಂತ ಕೂಗಿ ಇಬ್ಬರನ್ನೂ ಎಬ್ಬಿಸಿತ್ತು.

ತಂಬೂರಿ ಹಚ್ಚಿದ ಮೊದಲ ರಾತ್ರಿಯೂ ನಿದ್ದೆ ಬರಲಿಲ್ಲ. ಕಾರಣ ಕಾಕಾನೇ ಕಂಡುಹಿಡಿದರು. ಪೆಟ್ಟಿಗೆ ಕರಿ ಎರಡಕ್ಕೆ, ಅಂದರೆ ಪೇಟಿಯ ಎರಡನೇ ಕಪ್ಪು ಪಟ್ಟಿಯ ಸುರಕ್ಕೆ, ಕೂಡಿಸಿತ್ತು. "ಅದು ನನ್ನ ಪಟ್ಟೀರಿ ಸಾಹೇಬ್ರ. ಆ ಸುರ ಕಿವಿಗೆ ಬಿತ್ತಂದ್ರ ಬಾಯಿ ತಾನಾಗೇ ತೆರೀತೈತಿ." ಗುಂಡಿ ತಿರುಗಿಸಿ ತಾವೆಂದೂ ಹಾಡದ ತಗ್ಗಿನ ಸುರಕ್ಕೆ ಇಳಿಸಿದರು, ತಂತಿ ಮೀಟುವ ವೇಗವನ್ನೂ ಪೂರ್ತಿ ಕಡಿಮೆ ಮಾಡಿದರು. ಇದನ್ನು ಯಾವ ವೈದ್ಯನೂ ಹೇಳಿಕೊಡಲಾರ. ಬೆರಳಾಟ ನಿಂತಿತು. ಅರ್ಧ ತಾಸಿನೊಳಗೆ ನಿದ್ದೆ ಹತ್ತತೊಡಗಿತು.

ಆದರೆ 45 ನಿಮಿಷಕ್ಕೆ ತಂಬೂರಿ ಬಂದ್ ಮಾಡಿದರೆ ನಡುರಾತ್ರಿ ಎಚ್ಚರ ತಪ್ಪಲಿಲ್ಲ.

ಫ್ಯಾನಿನ ಸುಳಿವು

ನಿದ್ದೆ ಒಂದೇ ಎಳೆಯಲ್ಲಿ ಸಾಗುವುದಿಲ್ಲ. ಸುಮಾರು 90 ನಿಮಿಷಕ್ಕೊಂದು ಸುತ್ತು, ಸುತ್ತುಗಳ ನಡುವೆ ಸಣ್ಣ ಎಚ್ಚರ. ಅದು ಎಲ್ಲರಿಗೂ ಆಗುತ್ತದೆ, ಬೆಳಗ್ಗೆ ನೆನಪಿರುವುದಿಲ್ಲ. ಆ ಸಣ್ಣ ಎಚ್ಚರದಲ್ಲಿ ಏನಾದರೂ ಬದಲಾಗಿದ್ದು ಗಮನಕ್ಕೆ ಬಂದರೆ ಮಾತ್ರ ಪೂರ್ತಿ ಎಚ್ಚರವಾಗಿಬಿಡುತ್ತದೆ. ಮಲಗುವಾಗ ಇದ್ದ ಹಾಡು ಎದ್ದಾಗ ಇಲ್ಲ ಅನ್ನುವುದೂ ಒಂದು ಬದಲಾವಣೆ. ಕಾಕಾನದ್ದೂ ಹೀಗೇ ಇರಬಹುದು ಅಂತ ಮೊದಲು ಅನಿಸಿತು. ಕೆಲವು ವಾರದಲ್ಲಿ ಒಗ್ಗುತ್ತದೆ ಅಂತ ಬಿಟ್ಟುಬಿಡಬಹುದಿತ್ತು.

ಬಿಡದಂತೆ ಮಾಡಿದ್ದು ಕಾಕು ಆಡಿದ ಇನ್ನೊಂದು ಮಾತು. "ಬ್ಯಾಸಗ್ಯಾಗ ಚೊಲೊ ಮಲಗತಾರ್ರಿ. ಥಂಡಿ ಬಂತಂದ್ರ ಸುರು ಆಗತೈತಿ."

ನಮ್ಮ ಬಾಗಲಕೋಟೆಯ ಏಪ್ರಿಲ್-ಮೇ ಸೆಕೆ ಗೊತ್ತಲ್ಲ. ಊರಿಗೆ ಊರೇ ಮಾಳಿಗೆ ಮೇಲೆ ಹೊರಳಾಡುವಾಗ ಒಬ್ಬರಿಗೆ ಮಾತ್ರ ಒಳಗೆ ಒಳ್ಳೆಯ ನಿದ್ದೆ ಅಂದರೆ ವಿಚಿತ್ರ ಅಲ್ವಾ? ಕೆದಕಿದಾಗ ತಿಳಿಯಿತು. ಬೇಸಿಗೆಯಲ್ಲಿ ಹಳೇ ಫ್ಯಾನು ಗರಗರ ಅಂತ ರಾತ್ರಿಯಿಡೀ ತಿರುಗುತ್ತದೆ. ಕರೆಂಟ್ ಹೋದರೆ ಕಾಕಾ ಎದ್ದು ಕೂರುತ್ತಾರೆ. ಸೆಕೆಗೆ ಅಂತ ಎಲ್ಲರೂ ತಿಳಿದಿದ್ದರು. ಥಂಡಿಯಲ್ಲಿ ಫ್ಯಾನ್ ಇಲ್ಲ, ಮನೆ ಪೂರ್ತಿ ಸದ್ದಿಲ್ಲ.

ಆಗ ಕೇಳಿದೆ: "ಕಾಕಾ, ಹಾಡು ನಿಂತ ಮೇಲೆ ನಿಮಗೆ ಏನು ಕೇಳಿಸುತ್ತೆ?"

"ಏನೂ ಇಲ್ರಿ. ಅದ ಕಿವ್ಯಾಗಿಂದು, ಜೀರುಂಡಿ ಕೂಗಿದಂಗ ಕುಂಯ್ ಅಂತೈತಲ್ಲ, ಅಷ್ಟ."

ಎಷ್ಟು ವರ್ಷದಿಂದ? ನೆನಪಿಲ್ಲ. ಯಾಕೆ ಹೇಳಲಿಲ್ಲ? "ಮಗ್ಗದವರ ಕಿವಿ ಅಂದ್ರ ಹಂಗ ಇರ್ತಾವ್ರಿ. ಎಲ್ಲಾರಿಗೂ ಐತಿ."

ಇದಕ್ಕೆ ಟಿನಿಟಸ್ ಅನ್ನುತ್ತಾರೆ. ಹೊರಗೆ ಸದ್ದಿಲ್ಲದಿದ್ದರೂ ಕಿವಿಯಲ್ಲೋ ತಲೆಯಲ್ಲೋ ಕೇಳುವ ಸದ್ದು. ಜೋರು ಸದ್ದಿನಲ್ಲಿ ವರ್ಷಗಟ್ಟಲೆ ದುಡಿದವರಲ್ಲಿ ಇದು ಸಾಮಾನ್ಯ. ಆಡಿಯೋಮೆಟ್ರಿ ಮಾಡಿಸಿದೆವು, ಅಂದರೆ ಯಾವ ಸ್ವರ ಎಷ್ಟು ಕೇಳುತ್ತದೆ ಅಂತ ಗೆರೆ ಎಳೆದು ತೋರಿಸುವ ಕಿವಿ ಪರೀಕ್ಷೆ. ಎರಡೂ ಕಿವಿಯಲ್ಲಿ ಗೆರೆ 4000 ಹರ್ಟ್ಜ್ ಹತ್ತಿರ ಕುಸಿದಿತ್ತು. ಸದ್ದಿನಿಂದ ಕಿವಿ ಕೆಟ್ಟಿದೆ ಅನ್ನೋದರ ಗುರುತು ಅದು. ಇಎನ್‌ಟಿ ವೈದ್ಯರು ನೋಡಿ ಬೇರೆ ರೋಗ ಇಲ್ಲ ಅಂದರು. ಈ ಸದ್ದು ಒಂದೇ ಕಿವಿಯಲ್ಲಿ ಇದ್ದರೆ, ನಾಡಿ ಬಡಿತದ ಜೊತೆಗೇ ಕೇಳಿಸುತ್ತಿದ್ದರೆ, ಕಿವುಡು ಒಮ್ಮೆಲೇ ಬಂದಿದ್ದರೆ ತಡ ಮಾಡದೆ ತೋರಿಸಬೇಕು. ಕಾಕಾಗೆ ಇವು ಯಾವುವೂ ಇರಲಿಲ್ಲ.

ಈಗ ಎಲ್ಲ ಕೂಡಿಬಂತು. ಹಗಲು ಊರ ಸದ್ದಿನಲ್ಲಿ ಆ ಕುಂಯ್ ಮುಚ್ಚಿಹೋಗುತ್ತದೆ. ಮಗ್ಗ ಮನೆಯಲ್ಲಿದ್ದಾಗ ರಾತ್ರಿಯೂ ಮುಚ್ಚಿರುತ್ತಿತ್ತು. ಮಗ್ಗ ಹೋದ ಮೇಲೆ ಕಾಕಾ ಒಬ್ಬರೇ, ಕಿವಿಯ ಸದ್ದೊಂದೇ. ಅವರು ರಾತ್ರಿಯಿಡೀ ಹಾಡು ಹಚ್ಚುತ್ತಿದ್ದುದು ಹಾಡಿನ ಆಸೆಗಲ್ಲ, ಸದ್ದಿನ ಅಗತ್ಯಕ್ಕೆ. ಹಾಡು ಇದ್ದರೆ ಬೆರಳು ಕೆಲಸಕ್ಕೆ ಇಳಿಯುತ್ತವೆ, ಇಲ್ಲದಿದ್ದರೆ ಕಿವಿ ಕೂಗುತ್ತದೆ.

ಎರಡನೇ ತೀರ್ಮಾನ: ಟೈಮರ್ ತೆಗೆಯುವುದು

ಸಾಮಾನ್ಯವಾಗಿ ನಾನು ಹಾಡಿಗೆ ಟೈಮರ್ ಹಾಕಿಸುತ್ತೇನೆ. ನಿದ್ದೆಯಲ್ಲೂ ಮಿದುಳು ಕೇಳುತ್ತಲೇ ಇರುತ್ತದೆ, ದನಿ ಏರಿಳಿದರೆ ನಿದ್ದೆ ತೆಳುವಾಗುತ್ತದೆ. ಇಲ್ಲಿ ಮಾತ್ರ ಉಲ್ಟಾ ಹೋಗಬೇಕಾಯಿತು. ಟಿನಿಟಸ್ ಇರುವವರಿಗೆ ಏರಿಳಿತ ಇಲ್ಲದ ಸಣ್ಣ ಸದ್ದು ಪೂರ್ತಿ ರಾತ್ರಿ ಇದ್ದರೆ ಅನುಕೂಲ. 1990ರ ದಶಕದಲ್ಲಿ ಟಿನಿಟಸ್ ಸಂಶೋಧಕ ಪಾವೆಲ್ ಜಾಸ್ಟ್ರೆಬಾಫ್ ಬೆಳೆಸಿದ ಚಿಕಿತ್ಸಾ ಕ್ರಮದಲ್ಲಿ ಒಂದು ಸೂಕ್ಷ್ಮ ಇದೆ. ಹೊರಗಿನ ಸದ್ದು ಕಿವಿಯ ಸದ್ದನ್ನು ಮುಳುಗಿಸುವಷ್ಟು ಜೋರಿರಬಾರದು. ಎರಡೂ ಒಟ್ಟಿಗೆ ಕೇಳುವಷ್ಟು ಇರಬೇಕು. ಆಗ ಮಿದುಳು ಕಿವಿಯ ಸದ್ದನ್ನು ಲೆಕ್ಕಕ್ಕೆ ಇಟ್ಟುಕೊಳ್ಳದೆ ಇರಲು ನಿಧಾನಕ್ಕೆ ಕಲಿಯುತ್ತದೆ.

ಇದನ್ನು ಒಪ್ಪಿಸುವುದೇ ಕಷ್ಟವಾಯಿತು. ಕಾಕಾಗೆ ಮುಳುಗಿಸಿಯೇ ರೂಢಿ. ಪ್ರತಿ ರಾತ್ರಿ ಗುಂಡಿ ಮೆಲ್ಲಗೆ ಮೇಲೇರುತ್ತಿತ್ತು. ಕಾಕುವಿಗೆ "ಇದು ಮನ್ಯೋ ಮಠಾನೋ" ಅನ್ನುವಷ್ಟು. ಕೊನೆಗೆ ಮಗ ಗುಂಡಿಯ ಮೇಲೆ ಉಗುರುಬಣ್ಣದ ಚುಕ್ಕೆ ಇಟ್ಟ. ಅದನ್ನು ದಾಟಕೂಡದು. ಪೆಟ್ಟಿಗೆಯನ್ನು ಕಾಕಾನ ಕಡೆಗೆ, ತಲೆಯಿಂದ ಒಂದು ಮಾರು ದೂರ ಇಟ್ಟರು. ಕರೆಂಟ್ ಹೋದಾಗ ನಿಲ್ಲದಂತೆ ಇನ್ವರ್ಟರ್ ಲೈನಿಗೆ ಜೋಡಿಸಿದರು. ಇದು ಸಣ್ಣ ವಿಷಯ ಅನಿಸಬಹುದು. ನಮ್ಮ ಕಡೆ ಇದಿಲ್ಲದೆ ಯೋಜನೆ ಒಂದು ವಾರವೂ ನಡೆಯುತ್ತಿರಲಿಲ್ಲ.

ಸೋಮವಾರದ ಪ್ರಶ್ನೆ ಉಳಿದಿತ್ತು. ಭಜನೆ ಮುಗಿಸಿ, ಚಹಾ ಕುಡಿದು, ಹನ್ನೆರಡಕ್ಕೆ ಮನೆಗೆ ಬಂದವರ ತಲೆಯಲ್ಲಿ ಪದಗಳು ಇನ್ನೂ ನಡೆದಿರುತ್ತವೆ. ಭಜನೆ ಬಿಡಿ ಅನ್ನುವ ಯೋಚನೆ ನನಗೆ ಬರಲೇ ಇಲ್ಲ. ಆ ಮೇಳ ಅವರ ಜೀವ. ಚಹಾ ಬದಲು ಕಷಾಯ ಅಂತ ಆಯಿತು. ಬಂದ ತಕ್ಷಣ ಮಲಗದೆ, ಕೈಕಾಲು ತೊಳೆದು ಸ್ವಲ್ಪ ಹೊತ್ತು ಕೂತು, ಬೆರಳು ತಣ್ಣಗಾದ ಮೇಲೆ ಮಲಗುವುದು. ಮರುದಿನ ಎಂದಿನ ವೇಳೆಗೇ ಏಳುವುದು.

ಏನಾಯಿತು

ಬದಲಾವಣೆ ನಿಧಾನಕ್ಕೆ ಬಂತು. ಮೊದಲು ನಡುರಾತ್ರಿಯ ಎಚ್ಚರ ಗಿಡ್ಡವಾಯಿತು, ಆಮೇಲೆ ಕೆಲವು ರಾತ್ರಿ ಇಲ್ಲವಾಯಿತು. ಬೇಸಿಗೆಯಲ್ಲಿ ಫ್ಯಾನ್ ಶುರುವಾದಾಗ ತಂಬೂರಿ ಬಂದ್ ಮಾಡಿ ನೋಡಿದೆವು. ನಿದ್ದೆ ಕೆಡಲಿಲ್ಲ. ಅವರಿಗೆ ಬೇಕಿದ್ದುದು ಸಂಗೀತವೇ ಅಲ್ಲ ಅನ್ನೋದಕ್ಕೆ ಇದಕ್ಕಿಂತ ಚೆನ್ನಾದ ಪರೀಕ್ಷೆ ಇರಲಿಲ್ಲ. ಶ್ರಾವಣದಲ್ಲಿ ದಿನಾ ಭಜನೆ ಶುರುವಾದಾಗ ಮತ್ತೆ ಹದಗೆಟ್ಟಿತು. ಕಾಕಾ ಹೆದರಿ ಗುಳಿಗೆ ಕೇಳಿದರು. ಕೊಡಲಿಲ್ಲ, ಶ್ರಾವಣ ಮುಗಿಯಲಿ ಅಂದೆ. ಮುಗಿದ ಮೇಲೆ ಹಳಿಗೆ ಬಂತು.

ಪ್ರಶ್ನಾವಳಿಯ ಅಂಕ ಈಗ ಒಂದಂಕಿಗೆ ಇಳಿದಿದೆ, ಆದರೆ 5ರ ಒಳಗೆ ಬಂದಿಲ್ಲ. ಕಿವಿಯ ಸದ್ದು ಹೋಗಿಲ್ಲ. "ಐತ್ರಿ, ಆದ್ರ ಅದರ ಪಾಡಿಗೆ ಅದು ಐತಿ" ಅನ್ನುತ್ತಾರೆ. ಶ್ರವಣಯಂತ್ರ ಹಾಕಿದರೆ ಕಿವಿಯೊಳಗಿನ ಸದ್ದಿಗೂ ಎಷ್ಟೋ ಜನರಿಗೆ ಅನುಕೂಲ ಆಗುತ್ತದೆ ಅಂತ ಹೇಳಿದ್ದೇನೆ. ಮೇಳದವರ ಮುಂದೆ ಹಾಕಿಕೊಂಡು ಕೂರಲು ಮನಸ್ಸಿಲ್ಲ.

ಕಲಿಯುವಂಥದ್ದು

ಯಶಸ್ಸು ಯಾವುದರಿಂದ ಬಂತು ಅಂತ ಬೇರ್ಪಡಿಸಿ ಹೇಳುವುದು ಒಬ್ಬರ ಪ್ರಕರಣದಲ್ಲಿ ಆಗುವುದಿಲ್ಲ. ನಿದ್ದೆ ಹತ್ತುವುದು ಬೇಗ ಆಗಿದ್ದರಲ್ಲಿ ಮಧ್ಯಾಹ್ನದ ನಿದ್ದೆ ಕಡಿಮೆ ಮಾಡಿದ್ದಕ್ಕೂ ಏಳುವ ವೇಳೆ ಕಟ್ಟಿದ್ದಕ್ಕೂ ದೊಡ್ಡ ಪಾಲಿದೆ ಅಂತ ನನ್ನ ಅಂದಾಜು. ತಂಬೂರಿಗೆ ಎಲ್ಲ ಹೆಸರು ಕೊಡಲಾರೆ, ಕಾಕಾ ಕೊಟ್ಟರೂ.

ಆದರೆ ಈಗ ಯಾರಾದರೂ ಹಾಡು ಕೇಳುತ್ತಾ ಮಲಗುತ್ತೇನೆ ಅಂದರೆ ನಾನು ಎರಡು ವಿಷಯ ಕೇಳದೆ ಬಿಡುವುದಿಲ್ಲ. ಹಾಡು ಬಂದಾಗ ಮೈ ಸುಮ್ಮನಿರುತ್ತದೋ, ಜೊತೆಗೆ ಹಾಡುತ್ತದೋ? ನೃತ್ಯ ಕಲಿಸುವವರಲ್ಲಿ, ಆರ್ಕೆಸ್ಟ್ರಾ ಹುಡುಗರಲ್ಲಿ ಇದು ಮತ್ತೆ ಕಂಡಿದೆ. ಅಂಥವರಿಗೆ ಮೆಚ್ಚಿನ ಹಾಡು ಸಂಜೆಗೆ ಇರಲಿ, ಹಾಸಿಗೆಗೆ ಬೇಡ. ಎರಡನೆಯದು, ಹಾಡು ನಿಂತಾಗ ಏನು ಕೇಳಿಸುತ್ತದೆ ಅನ್ನೋದು. ನೇಕಾರರು, ಗಿರಣಿಯವರು, ಕ್ವಾರಿ ಕೆಲಸದವರು, ಡಿಜೆ ಹುಡುಗರು ಕಿವಿಯ ಸದ್ದನ್ನು ರೋಗ ಅಂತ ತಿಳಿದಿರುವುದೇ ಇಲ್ಲ, ಹಾಗಾಗಿ ತಾವಾಗಿ ಹೇಳುವುದೂ ಇಲ್ಲ. ಮನೆಯವರನ್ನು ಬೇರೆಯಾಗಿ ಮಾತಾಡಿಸಬೇಕು. ಈ ಪ್ರಕರಣದ ಎರಡೂ ತಿರುವು ಕಾಕು ಕೊಟ್ಟಿದ್ದು, ಮತ್ತು ಅವರು ಮೊದಲ ಸಲ ಬಂದೇ ಇರಲಿಲ್ಲ.

ಮಗನ ವಿಷಯ ಹೇಳಬೇಕು. ಅವನು ಶೆಡ್ಡಿನಲ್ಲಿ ಮಗ್ಗದ ಸದ್ದು ಕೇಳಬಾರದು ಅಂತ ಇಯರ್‌ಫೋನಿನಲ್ಲಿ ಸಿನಿಮಾ ಹಾಡು ಜೋರಾಗಿ ಹಚ್ಚಿಕೊಂಡು ದುಡಿಯುತ್ತಿದ್ದ. 90 ಡೆಸಿಬಲ್ ಸದ್ದನ್ನು ಮೀರಿಸಿ ಹಾಡು ಕೇಳಬೇಕಂದರೆ ಹಾಡು ಎಷ್ಟಿರಬೇಕು, ಲೆಕ್ಕ ಹಾಕಿ. ತಂದೆಯ ವರದಿ ನೋಡಿದ ಮೇಲೆ ಅವನದ್ದೂ ಪರೀಕ್ಷೆ ಮಾಡಿಸಿದೆವು. ಎಡಗಿವಿಯ ಗೆರೆ 4000ರ ಹತ್ತಿರ ಆಗಲೇ ಸಣ್ಣಗೆ ತಗ್ಗಿದೆ. ಈಗ ಸದ್ದು ತಡೆಯುವ ಇಯರ್‌ಪ್ಲಗ್ ಹಾಕುತ್ತಾನೆ. ಕೂಲಿಯವರಿಗೂ ತಂದುಕೊಟ್ಟಿದ್ದಾನೆ. ಇಬ್ಬರು ಹಾಕುತ್ತಾರೆ. ಉಳಿದವರು ಮಗ್ಗದ ಸದ್ದು ಬದಲಾದದ್ದು ಗೊತ್ತಾಗುವುದಿಲ್ಲ ಅಂತ ಕಿಸೆಯಲ್ಲಿ ಇಟ್ಟುಕೊಂಡಿದ್ದಾರೆ.